ಪಾತರಗಿತ್ತಿಯ ಖೋಲಿಗೆ ದೀಪ

ಕೆನಡಾಕ್ಕೆ ಹೋಗಿ ನಯಾಗರಾ ನೋಡದೆ ಬಂದವಳು ಪುಣೆಯಲ್ಲಿ ನಾನೊಬ್ಬಳೇ ಇರಬೇಕು. ನಮ್ಮ ಮಹಿಳಾ ಮಂಡಳದಲ್ಲಿ ಇದು ಗೊತ್ತಾದಾಗ ಒಬ್ಬರು ನನ್ನ ಕೈ ಹಿಡಿದು ಸಮಾಧಾನ ಹೇಳಿದರು, ಮನೆಯಲ್ಲಿ ಸಾವಾದವರಿಗೆ ಹೇಳುವ ಹಾಗೆ. ಅವರು ಹಿಂದಿನ ವರ್ಷ ಹೋಗಿ ಬಂದವರು. ಜಲಪಾತದ ಎದುರು, ಹೂವಿನ ಗಡಿಯಾರದ ಎದುರು, ಕೊನೆಗೆ ದೊಡ್ಡ ಅಂಗಡಿಯ ತಳ್ಳುಗಾಡಿಯ ಎದುರೂ ನಿಂತು ತೆಗೆಸಿಕೊಂಡ ಫೋಟೋಗಳ ಆಲ್ಬಮ್ ಅವರ ಹತ್ತಿರ ಇದೆ. ಎಲ್ಲದರಲ್ಲೂ ಅದೇ ಸ್ವೆಟರು. "ಹಂಗಾದ್ರ ನೀವೇನ ನೋಡಿ ಬಂದ್ರಿ?" ಅಂತ ಕೇಳಿದರು. "ಪ್ಲಾಸ್ಟಿಕ್ ಡ್ರಮ್ಮಿನ್ಯಾಗ ಚಿಟ್ಟಿ ಹಾರಸೋದನ್ನ" ಅಂದೆ. ಮಾತು ತಕ್ಷಣ ಉಪ್ಪಿಟ್ಟಿನ ಕಡೆ ಹೊರಳಿತು.

ಉಪ್ಪಿಟ್ಟಿಗಿಂತ ಚಿಟ್ಟೆಯ ಮಾತು ಕೇಳುವ ತಾಳ್ಮೆ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೊರಡುವ ಮುಂಚೆ

ಶೈಲಾ ನನ್ನ ನಾದಿನಿ. ನಾನು ಮದುವೆಯಾಗಿ ಸದಾಶಿವ ಪೇಠೆಯ ಮನೆಗೆ ಬಂದಾಗ ಅವಳು ಫ್ರಾಕಿನ ಜೇಬಿನಲ್ಲಿ ಕಂಬಳಿಹುಳ ಇಟ್ಟುಕೊಂಡು ತಿರುಗುತ್ತಿದ್ದ ಹುಡುಗಿ. ಶನಿವಾರ ಮಾರುತಿಗೆ ಮಾಲೆ ಮಾಡಲು ಅತ್ತೆಯವರು ತರುತ್ತಿದ್ದ ಎಕ್ಕೆ ಎಲೆಗಳಲ್ಲಿ ಪಟ್ಟೆಪಟ್ಟೆ ಹುಳ ಸಿಕ್ಕರೆ ಅದನ್ನು ಹಾರ್ಲಿಕ್ಸ್ ಬಾಟಲಿಗೆ ಹಾಕುವಳು. ಅದರಿಂದ ಕಿತ್ತಳೆ ಬಣ್ಣದ ಚಿಟ್ಟೆ ಹೊರಬಂದರೆ ಅಂದು ಶಾಲೆಗೆ ರಜೆ. ದೊಡ್ಡವಳಾದ ಮೇಲೂ ಆ ಚಟ ಬಿಡಲಿಲ್ಲ. ನಾವು ಅದನ್ನು ಚಟ ಅನ್ನುತ್ತಿದ್ದೆವು. ಅವಳು ಡಾಕ್ಟರೇಟ್ ತೆಗೆದುಕೊಂಡ ಮೇಲೆ ವಿಷಯ ಅನ್ನತೊಡಗಿದೆವು.

ಕೆನಡಾದಲ್ಲಿ ಅವಳದು ಒಂದು ಸಂಶೋಧನೆಯ ಕೆಲಸ. ಅಲ್ಲಿ ಮೊನಾರ್ಕ್ ಎನ್ನುವ ಚಿಟ್ಟೆ ಇದೆ. ನಮ್ಮ ಎಕ್ಕೆ ಗಿಡದ ಚಿಟ್ಟೆಯ ದೊಡ್ಡಪ್ಪನ ಮಗಳ ಹಾಗಿದೆ, ಅದೇ ಕಿತ್ತಳೆ, ಅದೇ ಕಪ್ಪಂಚು, ಮೈ ಮಾತ್ರ ದೊಡ್ಡದು. ಚಳಿ ಶುರುವಾಗುವ ಮೊದಲು ಇವು ಅಲ್ಲಿಂದ ಹೊರಟು ಮೆಕ್ಸಿಕೋದ ಬೆಟ್ಟಗಳಿಗೆ ಹೋಗುತ್ತವೆ. ದಾರಿ ಹೇಗೆ ಗೊತ್ತಾಗುತ್ತದೆ ಎನ್ನುವುದೇ ಶೈಲಾಳ ಪ್ರಶ್ನೆ. ವರ್ಷಕ್ಕೊಮ್ಮೆ ಮಾತ್ರ, ಅವು ಹೊರಡುವ ಆ ಕೆಲವು ವಾರಗಳಲ್ಲಿ ಮಾತ್ರ ಪರೀಕ್ಷೆ ಸಾಧ್ಯ. ಮೊದಲ ವರ್ಷ ಮೋಡ ಕವಿದು ಕೆಟ್ಟಿತು. ಎರಡನೆಯ ವರ್ಷ ಚಿಟ್ಟೆಗಳಿಗೆ ರೋಗ ಬಂತು. ಈ ಸಲವೂ ಏನೂ ಕೈಗೆ ಹತ್ತದಿದ್ದರೆ ಕೆಲಸ ಮುಗಿಯಿತು, ಕೆಲಸದ ಜೊತೆ ವೀಸಾನೂ ಮುಗಿಯಿತು. "ವೈನೀನ್ನ ಕಳಸ್ರಿ, ನಿಂತ್ಕೊಂಡ ಬ್ರೆಡ್ ತಿಂದ ತಿಂದ ಸಾಕಾಗ್ಯದ" ಅಂತ ತನ್ನ ಅಣ್ಣನಿಗೆ ಫೋನು ಮಾಡಿದಳು. ವೈನಿ ಎಂದರೆ ಅತ್ತಿಗೆ, ನಾನು.

ಆಕೆ ಹೋದರೆ ನಾನೂ ಹೋಗುವವಳೇ ಎಂದರು ಅತ್ತೆಯವರು. ಚಾಕಣದ ಕಾರ್ಖಾನೆಗಳಿಗೆ ನಟ್ಟು-ಬೋಲ್ಟು ಪೂರೈಸುವ ನಮ್ಮವರು, ಯಾವತ್ತೂ ಒಂದು ರಸೀದಿ ಮೂರು ಸಲ ನೋಡುವವರು, ಎರಡೂ ಟಿಕೆಟ್ಟನ್ನು ಮರುದಿನವೇ ತಂದು ಕೈಗಿಟ್ಟರು. ಅವರ ಮುಖದ ಮೇಲೆ ಅಂಥ ಉದಾರತೆಯನ್ನು ನಾನು ಇಪ್ಪತ್ತು ವರ್ಷದಲ್ಲಿ ನೋಡಿರಲಿಲ್ಲ.

ಟೊರಾಂಟೊ, ವಿಮಾನ ನಿಲ್ದಾಣ

ಕಾನ್ವೆಂಟಿನ ಸಿಸ್ಟರುಗಳು ನನಗೆ ಇಂಗ್ಲಿಷ್ ಕಲಿಸಿದ್ದು ಬೆತ್ತ ಹಿಡಿದು. ಅದು ಲೋಕದ ಯಾವ ಮೂಲೆಯಲ್ಲೂ ನಡೆಯುತ್ತದೆ ಎಂದು ನಂಬಿದ್ದೆ. ನಿಲ್ದಾಣದ ಅಧಿಕಾರಿ ನನ್ನ ಪ್ರತಿ ಮಾತಿಗೂ ಕಿವಿ ಮುಂದೆ ಮಾಡಿ "ಪಾರ್ಡನ್?" ಅನ್ನುತ್ತಿದ್ದ. ಅವನ ಇಂಗ್ಲಿಷ್ ಅರ್ಧ ಮೂಗಿನಲ್ಲಿ, ಇನ್ನರ್ಧ ನುಂಗಿಹೋಗಿತ್ತು. ಆದರೂ ತಪ್ಪು ನನ್ನದೇ ಎನ್ನುವ ಹಾಗೆ ನೋಡಿದ.

ಗಿಡ, ಬೀಜ, ಎಲೆ ಏನಾದರೂ ಇದೆಯೇ ಎಂದ. ಇಲ್ಲ ಎಂದೆ. ಅಷ್ಟರಲ್ಲಿ ಅತ್ತೆಯವರು ತಮ್ಮ ಚೀಲದ ಬಾಯಿ ತಾವೇ ಬಿಚ್ಚಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ತುಳಸಿಯ ಕುಡಿ ಎತ್ತಿ ತೋರಿಸಿದರು. ಆತ ಕೈಗವಸು ಹಾಕಿಕೊಂಡು ಅದನ್ನು ಎರಡು ಬೆರಳಲ್ಲಿ ಹಿಡಿದು, ಹಾವಿನ ಮರಿಯನ್ನು ಒಯ್ಯುವಂತೆ ಒಯ್ದು ಒಂದು ಡಬ್ಬಿಗೆ ಹಾಕಿದ. ಶೇಂಗಾ ಚಟ್ನಿಪುಡಿಯನ್ನು ಮೂಸಿ ನೋಡಿ ಸೀನಿದ. ಸೀನಿದ್ದಕ್ಕೆ ನಮಗೆ ಸಾರಿ ಹೇಳಿದ.

"ಇದ್ದದ್ದನ್ನ ಇಲ್ಲ ಅಂದಿ ಯಾಕ?" ಎಂದು ಅತ್ತೆಯವರು ನನ್ನನ್ನು ಬೈದರು. "ಕೇಳಿದವಗ ತೋರಿಸಬೇಕಪ್ಪಾ. ಒಯ್ದರ ಒಯ್ಯಲಿ. ಮುಚ್ಚಿಟ್ಟವರ ಅನ್ನಿಸಿಕೋಬಾರದು."

ಸರೋವರದ ದಂಡೆ

ಶೈಲಾ ಇದ್ದದ್ದು ಊರಲ್ಲಲ್ಲ, ಈರೀ ಸರೋವರದ ದಂಡೆಯ ಒಂದು ಕಟ್ಟಿಗೆ ಮನೆಯಲ್ಲಿ. ವಿಶ್ವವಿದ್ಯಾಲಯದವರು ಚಿಟ್ಟೆಯ ಕಾಲಕ್ಕೆಂದು ಬಾಡಿಗೆಗೆ ಹಿಡಿದ ಮನೆ. ಬಚ್ಚಲಿಗೆ ಕಂಬಳಿ ಹಾಸಿದ್ದರು. ಬಚ್ಚಲಿಗೆ ಕಂಬಳಿ ಹಾಸುವ ಜನ ಚಿಟ್ಟೆಯ ಬುದ್ಧಿ ಪರೀಕ್ಷಿಸುತ್ತಾರೆ ಎಂದು ಮೊದಲ ದಿನವೇ ಅನ್ನಿಸಿತು. ನೀರು ಹರಿದುಹೋಗಲು ನೆಲದಲ್ಲಿ ಒಂದು ತೂತೂ ಇಲ್ಲ, ಬಿದ್ದದ್ದನ್ನೆಲ್ಲ ಕಂಬಳಿಯೇ ಕುಡಿಯಬೇಕು.

ಪಕ್ಕದ ಮನೆಯಲ್ಲಿ ಡೋರತಿ ಎಂಬ ವಯಸ್ಸಾದ ಹೆಂಗಸು. ಕಿವಿಯಲ್ಲಿ ಚಿಟ್ಟೆ, ಕಾರಿನ ಮೇಲೆ ಚಿಟ್ಟೆ, ಟಪಾಲು ಪೆಟ್ಟಿಗೆಯ ಮೇಲೆ ತಗಡಿನ ಚಿಟ್ಟೆ. ಮೊನಾರ್ಕ್ ಹೆಸರೆತ್ತಿದರೆ ಕಣ್ಣಲ್ಲಿ ನೀರು. ಆ ಚಿಟ್ಟೆಯ ಹುಳ ತಿನ್ನುವುದು ಒಂದೇ ಜಾತಿಯ ಗಿಡವನ್ನು. ಮುರಿದರೆ ಹಾಲು ಬರುವ, ಕಾಯಿ ಒಡೆದರೆ ರೇಶಿಮೆಯಂಥ ಹತ್ತಿ ಹಾರುವ, ನಮ್ಮ ಎಕ್ಕೆಯ ಬಳಗದ್ದೇ. ಡೋರತಿ ಪ್ರತಿ ವಾರ ಗಾಡಿಯ ಮೇಲೆ ಕುಳಿತು ಅಂಗಳದ ಹುಲ್ಲು ಕತ್ತರಿಸುತ್ತ ಆ ಗಿಡಗಳನ್ನೆಲ್ಲ ಕಳೆ ಎಂದು ಸವರಿ ಹಾಕುವಳು. ಒಂದನ್ನು ಮಾತ್ರ ಕುಂಡದಲ್ಲಿಟ್ಟು ಅದಕ್ಕೊಂದು ಹೆಸರಿನ ಫಲಕ ತೂಗುಹಾಕಿದ್ದಳು. ಪ್ರೀತಿಗೂ ಒಂದು ಅಳತೆ ಬೇಕಲ್ಲ.

ನನಗೂ ಅತ್ತೆಯವರಿಗೂ ಹಗಲು-ರಾತ್ರಿ ತಿರುವುಮುರುವಾಗಿ ಊಟದ ಹೊತ್ತಿಗೆ ನಿದ್ದೆ, ನಿದ್ದೆಯ ಹೊತ್ತಿಗೆ ಹಸಿವು. ಶೈಲಾ ನಕ್ಕಳು.

"ನನ್ನ ಚಿಟ್ಟಿಗೋಳಿಗೂ ಇದನ್ನಽ ಮಾಡತೀನ್ರಿ ವೈನಿ. ವಿಮಾನ ಹತ್ತಸದಽ ಪರದೇಶಕ್ಕ ಕಳಸತೀನಿ."

ಅವಳು ತಿಳಿಸಿ ಹೇಳಿದ್ದು ಹೀಗೆ. ಮೊನಾರ್ಕ್ ಇಲ್ಲಿಂದ ನೈಋತ್ಯಕ್ಕೆ ಹೋಗಬೇಕು. ಸೂರ್ಯನನ್ನು ನೋಡಿಕೊಂಡು ಹೋಗುತ್ತದೆ. ಆದರೆ ಸೂರ್ಯ ಒಂದು ಕಡೆ ನಿಲ್ಲುವವನೇ? ನೈಋತ್ಯಕ್ಕೆ ಮುಖ ಮಾಡಿದವರಿಗೆ ಬೆಳಿಗ್ಗೆ ಎಡಕ್ಕಿರುತ್ತಾನೆ, ಸಂಜೆ ಬಲಕ್ಕಿರುತ್ತಾನೆ. ಹಾಗಾಗಿ ಈಗ ಹೊತ್ತೆಷ್ಟು ಎಂದು ಚಿಟ್ಟೆಗೆ ಗೊತ್ತಿರಲೇಬೇಕು. ಅದರ ಮೈಯೊಳಗೆ ಒಂದು ಗಡಿಯಾರ ಇರಲೇಬೇಕು. ಇದೆಯೋ ಇಲ್ಲವೋ ನೋಡುವುದು ಹೇಗೆ? ಗಡಿಯಾರ ಕೆಡಿಸಿ ನೋಡುವುದು. ಕತ್ತಲೆ ಖೋಲಿಯಲ್ಲಿಟ್ಟು, ನಡುರಾತ್ರಿ ದಾಟುತ್ತಲೇ ದೀಪ ಹಾಕಿ ಬೆಳಗಾಯಿತು ಎಂದು ನಂಬಿಸುವುದು, ಮಧ್ಯಾಹ್ನಕ್ಕೆ ದೀಪ ಆರಿಸಿ ಸಂಜೆಯಾಯಿತು ಎನ್ನುವುದು. ಕೆಲವು ದಿನ ಹೀಗೆ ಮಾಡಿ ಬೆಳಿಗ್ಗೆ ಹೊರಗೆ ಬಿಸಿಲಿಗೆ ತಂದರೆ, ಅದಕ್ಕೆ ಅದು ಸಂಜೆ. ಸೂರ್ಯ ಬಲಕ್ಕಿರಬೇಕು ಎಂದುಕೊಂಡು ತಿರುಗಿ, ಪಾಪ, ಆಗ್ನೇಯಕ್ಕೆ ಹೊರಡುತ್ತದೆ. ಹಾಗೆ ತಪ್ಪಿದರೆ ಗಡಿಯಾರ ಇದೆ ಎಂದು ಸಿದ್ಧ. ಗಡಿಯಾರ ಎಲ್ಲಿದೆ, ತಲೆಯಲ್ಲೋ ಇನ್ನೆಲ್ಲೋ, ಅದು ತನಗಿನ್ನೂ ಗೊತ್ತಿಲ್ಲ ಅಂದಳು.

"ಅಂದರ ಅದು ದಾರಿ ತಪ್ಪಿದ್ರ ನೀ ಪಾಸು" ಅಂದರು ಅತ್ತೆಯವರು.

"ಹೌದವ್ವಾ."

"ಛಲೋ ವಿದ್ಯಾ."

ನನಗೆ ಆಶ್ಚರ್ಯವಾದದ್ದು ಬೇರೆಯದು. ಹೊರಡುವ ಈ ಚಿಟ್ಟೆಗಳಲ್ಲಿ ಒಂದೂ ಮೆಕ್ಸಿಕೋ ನೋಡಿಲ್ಲವಂತೆ. ಅಲ್ಲಿಂದ ಬಂದದ್ದು ಇವುಗಳ ಮುತ್ತಜ್ಜಿಯರು; ಅವೆಲ್ಲ ಯಾವಾಗಲೋ ಸತ್ತುಹೋಗಿವೆ. ಆಷಾಢದಲ್ಲಿ ನಮ್ಮ ಸಂತರ ಪಾಲಖಿಯ ಜೊತೆ ಪಂಢರಪುರಕ್ಕೆ ನಡೆಯುವವರಿಗೆ ಮುಂದೊಬ್ಬ ಧ್ವಜದವನು, ಪಕ್ಕದಲ್ಲಿ ತಾಳದವನು, ದಾರಿಯ ಸಾಸವಡದಲ್ಲಿ ಊಟಕ್ಕೆ ಬಡಿಸುವವರು. ಇವಕ್ಕೆ ಯಾರೂ ಇಲ್ಲ. ಪ್ರತಿಯೊಂದೂ ಒಂಟಿ, ಪ್ರತಿಯೊಂದೂ ಮೊದಲ ಸಲ. ನಾವಾದರೋ ನಕ್ಷೆ ಹಿಡಿದ ಟ್ಯಾಕ್ಸಿಯವನ ಜೊತೆ ಬಂದೂ ಈ ಮನೆಯನ್ನು ಎರಡು ಸಲ ದಾಟಿ ಹೋಗಿದ್ದೆವು.

ಪಿಂಪ

ವಿಜ್ಞಾನದ ಯಂತ್ರ ಎಂದರೆ ಹೊಳೆಯುವ ಉಕ್ಕು, ಗಾಜು ಎಂದು ಕಲ್ಪಿಸಿಕೊಂಡಿದ್ದೆ. ಹಿತ್ತಲಲ್ಲಿ ನಿಂತಿದ್ದದ್ದು ಒಂದು ಪ್ಲಾಸ್ಟಿಕ್ ಡ್ರಮ್ಮು. ನೀರು ಬರದ ದಿನಕ್ಕೆಂದು ಪುಣೆಯ ಪ್ರತಿ ಮನೆಯ ಬಚ್ಚಲಲ್ಲೂ ತುಂಬಿಡುತ್ತೇವಲ್ಲ, ಆ ಪಿಂಪ. ತಳದಲ್ಲಿ ಫ್ಯಾನು, ಫ್ಯಾನಿನ ಮೇಲೆ ಜೇನುಗೂಡಿನ ಹಾಗೆ ಜೋಡಿಸಿದ ತಂಪು ಪಾನೀಯ ಹೀರುವ ನಳಿಗೆಗಳು, ಗಾಳಿ ಸುಳಿಯದೆ ನೆಟ್ಟಗೆ ಮೇಲೇಳಲಿ ಅಂತ. ಮೇಲೆ ಅಡ್ಡ ಕಡ್ಡಿಯಿಂದ ಒಂದು ಸಪೂರ ತಂತಿ. ಚಿಟ್ಟೆಯ ಬೆನ್ನಿಗೆ ಒಂದು ಚುಕ್ಕೆ ಅಂಟು ಹಚ್ಚಿ ತಂತಿಗೆ ಅಂಟಿಸುವುದು. ಅದು ಎತ್ತ ಬೇಕಾದರೂ ತಿರುಗಬಹುದು, ರೆಕ್ಕೆ ಬಡಿಯಬಹುದು, ಮುಂದೆ ಮಾತ್ರ ಹೋಗಲಾರದು. ಮರ, ಮನೆ, ನೀರು ಏನೂ ಕಾಣದು. ಕಾಣುವುದು ಆಕಾಶ ಒಂದೇ. ಮುಖ ಯಾವ ಕಡೆಗಿದೆ ಎಂದು ಕ್ಷಣಕ್ಷಣಕ್ಕೂ ಪಕ್ಕದ ಕಂಪ್ಯೂಟರು ಬರೆದುಕೊಳ್ಳುತ್ತದೆ.

ಚಿಟ್ಟೆ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಎರಡು ಏಲಕ್ಕಿಯಷ್ಟು ತೂಕ. ಬೆರಳಿಗೆ ಕಿತ್ತಳೆ ಪುಡಿ ಮೆತ್ತಿಕೊಳ್ಳುತ್ತದೆ. ಕಾಲುಗಳು ಗಾಳಿಯಲ್ಲಿ ಏನನ್ನೋ ಹುಡುಕುತ್ತವೆ, ಕತ್ತಲೆಯಲ್ಲಿ ಚಪ್ಪಲಿ ಹುಡುಕುವವರ ಹಾಗೆ. ಪಿಂಪಕ್ಕೆ ಇಳಿಸಿ ಫ್ಯಾನು ಹಾಕಿದ ಕೂಡಲೇ ರೆಕ್ಕೆ ಬಡಿದು, ಒಂದೆರಡು ಸುತ್ತು ತಿರುಗಿ, ಆಮೇಲೆ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತದೆ. ಮೆಕ್ಸಿಕೋಕ್ಕೆ ಹೊರಟೆ ಎಂದೇ ಅದರ ನಂಬಿಕೆ. ಸುತ್ತ ನಿಂತ ವಿದ್ಯಾವಂತರು ಸಾಮಾನ್ಯವಾಗಿ ಬಿಸ್ಕಿಟ್ ತಿನ್ನುತ್ತಿರುತ್ತಾರೆ.

ಶೈಲಾಳ ಮೇಲಿನ ಸಾಹೇಬರು ವಾರಕ್ಕೊಮ್ಮೆ ಬರುತ್ತಿದ್ದರು. ಪ್ರೊಫೆಸರು, ಅರವತ್ತರ ಹತ್ತಿರ, ಚಳಿಯಲ್ಲೂ ಚಡ್ಡಿ, ಚಪ್ಪಲಿಯೊಳಗೆ ಕಾಲುಚೀಲ. ಸೇಬನ್ನು ಬೀಜದ ಸಮೇತ ತಿಂದು ತೊಟ್ಟನ್ನು ಜೇಬಿಗೆ ಹಾಕಿಕೊಳ್ಳುವರು. ತನ್ನನ್ನು ಬಾಬ್ ಎಂದೇ ಕರೆಯಬೇಕು ಎಂದು ಎಲ್ಲರಿಗೂ ತಾಕೀತು. ಅತ್ತೆಯವರಿಗೆ ಅಷ್ಟು ಚಿಕ್ಕ ಹೆಸರಿನಿಂದ ದೊಡ್ಡ ಮನುಷ್ಯನನ್ನು ಕರೆಯಲು ಸಂಕೋಚ. ಮೊದಲ ದಿನದಿಂದಲೇ ಬಾಬೂರಾವ್ ಅಂದರು.

ಶುಕ್ರವಾರ

ಕತ್ತಲೆ ಖೋಲಿ ಇದ್ದದ್ದು ಮನೆಯೊಳಗೇ, ಅಡುಗೆಮನೆಯಾಚೆಯ ಓಣಿಯಲ್ಲಿ. ಮೊದಲು ಅದು ಸಾಮಾನು ಖೋಲಿ. ಒಳಗಿನ ಚಿಟ್ಟೆಗಳ ದೀಪ ತಾನಾಗಿಯೇ ಹತ್ತಿ ತಾನಾಗಿಯೇ ಆರುವಂಥದು. ಖೋಲಿಯ ಹಳೆಯ ಬಲ್ಬಿನ ಬಟನ್ನು ಹೊರಗೆ ಗೋಡೆಯಲ್ಲಿತ್ತು. ಅದರ ಮೇಲೆ ಶೈಲಾ ಅಂಟುಪಟ್ಟಿ ಹಚ್ಚಿ, ಮುಟ್ಟಬೇಡಿ ಎಂದು ಇಂಗ್ಲಿಷಿನಲ್ಲಿ ಬರೆದಿದ್ದಳು. ಇಂಗ್ಲಿಷ್ ಓದಲು ಬರುವ ನನಗೆ ಬಾಯಲ್ಲೂ ಹೇಳಿದ್ದಳು. ಓದಲು ಬಾರದ ಅತ್ತೆಯವರಿಗೆ, ಆ ಕಡೆ ಹೋಗಬೇಡ ಎಂದಷ್ಟೇ ಹೇಳಿದ್ದಳು. ಮೇಧಾವಿಗಳ ವ್ಯವಸ್ಥೆ ಹೀಗಿರುತ್ತದೆ.

ಆ ಶುಕ್ರವಾರ ಸಂಜೆ ನಾನೂ ಶೈಲಾಳೂ ಬಲೆ ಹಿಡಿದು ಸರೋವರದ ಅಂಚಿಗೆ ಹೋದೆವು. ಅಲ್ಲಿ ಭೂಮಿ ಮೂಗಿನ ಹಾಗೆ ನೀರಿಗೆ ಚಾಚಿದೆ. ನೀರು ದಾಟುವ ಮುನ್ನ ಚಿಟ್ಟೆಗಳು ಅಲ್ಲಿನ ಮರಗಳಲ್ಲಿ ರಾತ್ರಿ ತಂಗುತ್ತವೆ. ಒಣ ಎಲೆ ಎಂದುಕೊಂಡರೆ ಇಡೀ ಕೊಂಬೆ ಉಸಿರಾಡುತ್ತದೆ. ನೋಡಲು ಬಂದವರು ಇಗರ್ಜಿಯಲ್ಲಿ ನಿಂತವರಂತೆ ಪಿಸುಗುಟ್ಟುತ್ತಿದ್ದರು. ಅವರ ಕ್ಯಾಮೆರಾಗಳು ಮಾತ್ರ ಮದುವೆಮನೆಯಂತೆ ಮಿಂಚುತ್ತಿದ್ದವು. ನಮ್ಮ ಬಲೆ ನೋಡಿ ಒಬ್ಬಾಕೆ ನಮ್ಮನ್ನು ಕಟುಕರೆಂದಳು. ಅವಳ ಕೈಯಲ್ಲಿದ್ದ ಪೊಟ್ಟಣದಲ್ಲಿ ಹುರಿದ ಕೋಳಿಕಾಲು.

ಹಿಂತಿರುಗಿದಾಗ ಮನೆ ದೂರದಿಂದಲೇ ಝಗಝಗ. ಎಲ್ಲ ಕಿಟಕಿಯಲ್ಲೂ ಬೆಳಕು. ಒಳಗೆ ಊದಿನಕಡ್ಡಿಯ ವಾಸನೆ, ಶಾವಿಗೆ ಪಾಯಸದ ವಾಸನೆ. ಓಣಿಗೆ ಬಂದ ಶೈಲಾ ಅಲ್ಲೇ ನಿಂತಳು. ಕತ್ತಲೆ ಖೋಲಿಯ ಬಾಗಿಲ ಕೆಳಗೆ ಒಂದು ಹಳದಿ ಗೆರೆ. ಹೊಸ್ತಿಲಿಗೆ ಅರಿಶಿನ-ಕುಂಕುಮ. ಬಟನ್ನಿನ ಮೇಲಿನ ಅಂಟುಪಟ್ಟಿಯನ್ನು ಹರಿಯದಂತೆ ಬಿಡಿಸಿ, ಪಕ್ಕದ ಗೋಡೆಗೆ ನೆಟ್ಟಗೆ ಅಂಟಿಸಲಾಗಿತ್ತು.

"ಅವ್ವಾ, ಈ ಖೋಲಿ ದೀಪ ಯಾರ ಹಚ್ಚಿದ್ರು?"

"ನಾನಽ ಹಚ್ಚೀನಿ. ಯಾಕ?"

"ಈ ಕಡೆ ಬರಬ್ಯಾಡ ಅಂದಿದ್ದೆ."

"ಒಳಗ ಎಲ್ಲಿ ಹೋಗೀನಿ? ಹೊರಗ ನಿಂತಽ ಹಚ್ಚೀನಿ. ಶುಕ್ರವಾರ ಮುಸ್ಸಂಜಿ, ಎಲ್ಲಾ ಖೋಲಿಗೂ ದೀಪ ಅದ, ಒಂದಕ್ಕ ಇಲ್ಲ. ಲಕ್ಷ್ಮಿ ಬರೂ ಹೊತ್ತಿಗೆ ಮನ್ಯಾಗ ಒಂದ ಖೋಲಿ ಕತ್ತಲ ಇಡತಾರೇನು? ಅದೂ ಜೀವ ಇರೂ ಖೋಲಿ."

"ಎಷ್ಟ ಹೊತ್ತಾತು?"

"ದೀಪ ಹಚ್ಚೂ ಹೊತ್ತಿನಿಂದ."

ಶೈಲಾ ಬಟನ್ನು ಆರಿಸಿದಳು. ಅಂಟುಪಟ್ಟಿಯನ್ನು ಮತ್ತೆ ಅದರ ಜಾಗಕ್ಕೆ ಹಚ್ಚಿ ಹೆಬ್ಬೆರಳಿನಿಂದ ಒತ್ತಿದಳು, ಒತ್ತುತ್ತಲೇ ಇದ್ದಳು. ಚಿಟ್ಟೆಗಳ ಲೆಕ್ಕದಲ್ಲಿ ಅದು ನಡುರಾತ್ರಿ. ನಡುರಾತ್ರಿ ಬೆಳಗಾಗಿತ್ತು. ಅವುಗಳ ಗಡಿಯಾರ ಈಗ ಎಷ್ಟು ತೋರಿಸುತ್ತಿದೆ ಎಂದು ಅವಕ್ಕೂ ತಿಳಿಯದು, ಅವಳಿಗೂ ತಿಳಿಯದು. ಆ ವರ್ಷದ ಒಳ್ಳೆಯ ಚಿಟ್ಟೆಗಳೆಲ್ಲ ಆ ಖೋಲಿಯಲ್ಲೇ ಇದ್ದವು.

ಅವಳು ಕೂಗಾಡಲಿಲ್ಲ. ಬಡಿಸಿದ ಪಾಯಸ ತಿಂದಳು. ಅತ್ತೆಯವರು ಮತ್ತೊಂದು ಸೌಟು ಹಾಕಿದಾಗ ಬೇಡ ಎನ್ನಲೂ ಇಲ್ಲ. ವಿಷಯವನ್ನು ನಾನು ಅತ್ತೆಯವರಿಗೆ ಬಿಡಿಸಿ ಹೇಳಿದೆ. ಪಾಯಸದ ಪಾತ್ರೆಗೆ ಮುಚ್ಚಳ ಹಾಕಿದರು.

"ಕತ್ತಲಽ ಬೇಕು ಅಂತ ಒಂದ ಮಾತ ಹೇಳಿದ್ರ ಆಗತಿತ್ತು" ಅಂದರು. "ನಾನೇನ ಹುಳಕ್ಕಿಂತ ದಡ್ಡಿ ಏನು?"

ಬಾಬೂರಾವ್

ಮುಂದಿನ ಬಿಸಿಲಿನ ದಿನ ಸಾಹೇಬರು ಬಂದರು. ಶೈಲಾ ಮೊದಲ ಮಾತಿಗೇ ದೀಪದ ಸಂಗತಿ ಹೇಳಿದಳು. ಇರಲಿ, ಹಾರಿಸಿ ನೋಡೋಣ ಎಂದರು. ಒಂದೊಂದಾಗಿ ಪಿಂಪಕ್ಕೆ ಇಳಿಸಿದೆವು. ಹೋಲಿಸಿ ನೋಡಲೆಂದು ಹೊರಗೆ, ನಿಜವಾದ ಹಗಲಲ್ಲಿ ಇಟ್ಟಿದ್ದವು ನೈಋತ್ಯಕ್ಕೆ ಮುಖ ಮಾಡಿದವು. ಖೋಲಿಯವು ತಿರುಗಿ, ತಿರುಗಿ, ಹೆಚ್ಚುಕಡಿಮೆ ಎಲ್ಲವೂ ಆಗ್ನೇಯಕ್ಕೆ ನಿಂತವು. ಶೈಲಾಳ ಪುಸ್ತಕದಲ್ಲಿ ಹೇಗೆ ತಪ್ಪಬೇಕೋ ಹಾಗೆಯೇ ತಪ್ಪಿದವು.

"ಸುಂದರ" ಎಂದು ಸಾಹೇಬರು ತೊಡೆ ತಟ್ಟಿಕೊಂಡರು. ಆಮೇಲೆ ದನಿ ಇಳಿಸಿ, ದೀಪದ ವಿಷಯ ಎಲ್ಲೂ ಬರೆಯುವುದು ಬೇಡ, ಅದರಿಂದ ಏನೂ ಆಗಿಲ್ಲ ಎಂದು ಚಿಟ್ಟೆಗಳೇ ತೋರಿಸಿವೆಯಲ್ಲ ಅಂದರು.

"ಬೇರೆ ಕಡೆ ಹಾರಿದ್ದರೆ?" ಎಂದು ಶೈಲಾ ಕೇಳಿದಳು.

"ಆಗ ದೀಪದಿಂದ ಕೆಟ್ಟಿತು ಎನ್ನುತ್ತಿದ್ದೆವು."

ನನಗೆ ನಮ್ಮ ಶನಿವಾರ ಪೇಠೆಯ ಜ್ಯೋತಿಷಿ ನೆನಪಾದ. ಹುಡುಗಿಯ ಲಗ್ನ ಕೂಡಿ ಬಂದರೆ ಅವನ ಮಾತು ನಿಜ. ಬರದಿದ್ದರೆ ನಾವು ಶಾಂತಿ ಮಾಡಿಸಿದ್ದರಲ್ಲಿ ಕೊರತೆ. ಆ ಬಡಪಾಯಿಯ ಹತ್ತಿರ ಒಂದು ಪಂಚಾಂಗ, ಒಂದು ಗಿಳಿ. ಇವರ ಹತ್ತಿರ ವಿಶ್ವವಿದ್ಯಾಲಯ, ಕಂಪ್ಯೂಟರು, ಫ್ಯಾನು, ಇಷ್ಟುದ್ದದ ಪದವಿ. ಬುದ್ಧಿ ಮಾತ್ರ ಅದೇ ಕಟ್ಟೆಯ ಮೇಲೆ ಕುಳಿತಿದೆ. ಜ್ಯೋತಿಷಿಯಾದರೂ ಪಂಚೆ ಉಡುತ್ತಾನೆ.

ಶೈಲಾ ಒಪ್ಪಲಿಲ್ಲ. ಆ ಚಿಟ್ಟೆಗಳ ಗಡಿಯಾರಕ್ಕೆ ಏನಾಗಿತ್ತೆಂದು ತನಗೆ ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಗೊತ್ತು ಎಂದು ಬರೆಯಲಾರೆ, ಹೊಸದಾಗಿ ಮಾಡುತ್ತೇನೆ ಅಂದಳು. ಸಾಹೇಬರು ಸೇಬು ತಿಂದು ಮುಗಿಸುವ ತನಕ ಯೋಚಿಸಿ, ತಿಂಗಳ ಕೊನೆಗೆ ಈ ಮನೆ ಬಿಡಬೇಕು, ಅಷ್ಟರೊಳಗೆ ಬೇಕಾದಷ್ಟು ಸಿಕ್ಕರೆ ಸರಿ, ಇಲ್ಲದಿದ್ದರೆ ಮುಂದಿನ ವರ್ಷಕ್ಕೆ ನಿನ್ನನ್ನು ಇಟ್ಟುಕೊಳ್ಳುವುದು ತನ್ನ ಕೈಯಲ್ಲಿಲ್ಲ ಎಂದು ಹೊರಟರು. ತೊಟ್ಟು ಜೇಬಿಗೆ ಹೋಯಿತು.

ಮೋಡ

ಮತ್ತೆ ಬಲೆ ಹಿಡಿದು ಹೋದೆವು. ಮರಗಳು ಬರಿದಾಗುತ್ತಿದ್ದವು, ಬಹಳಷ್ಟು ಆಗಲೇ ನೀರು ದಾಟಿದ್ದವು. ತಡವಾಗಿ ಹೊರಟ ಕೆಲವನ್ನು ಹಿಡಿದು ತಂದೆವು. ಒಂದರ ರೆಕ್ಕೆಯ ಅಂಚು ಹಕ್ಕಿ ಕಚ್ಚಿ ಹರಿದಿತ್ತು. ಅವನ್ನು ಖೋಲಿಗೆ ಹಾಕಿದ ದಿನದಿಂದ ಅತ್ತೆಯವರು ಮುಸ್ಸಂಜೆಗೆ ಸರಿಯಾಗಿ ಓಣಿಯಲ್ಲಿ ಸ್ಟೂಲು ಹಾಕಿಕೊಂಡು, ಬಟನ್ನಿಗೆ ಬೆನ್ನು ಕೊಟ್ಟು ಕೂಡುವರು. ಬಾಯಲ್ಲಿ ಸ್ತೋತ್ರ. ಡೋರತಿ ಕೇಕು ಕೊಡಲು ಬಂದವಳು ಬಚ್ಚಲು ಹುಡುಕುತ್ತ ಆ ಕಡೆ ಹೆಜ್ಜೆ ಇಟ್ಟಾಗ, ಅತ್ತೆಯವರು ಕೈ ಅಡ್ಡ ಹಿಡಿದು "ನೋ" ಅಂದರು. ಅವರಿಗೆ ಬರುವ ಒಂದೇ ಇಂಗ್ಲಿಷ್ ಮಾತು, ಒಳ್ಳೆಯ ಕೆಲಸಕ್ಕೆ ಬಂತು.

ಆಮೇಲೆ ಮೋಡ ಕವಿಯಿತು. ದಿನಗಟ್ಟಲೆ ಆಕಾಶ ಒರೆಸುವ ಬಟ್ಟೆಯ ಬಣ್ಣ. ಶೈಲಾ ರೇಡಿಯೋದಲ್ಲಿ ಹವಾಮಾನ ಕೇಳುವಳು, ಫೋನಿನಲ್ಲಿ ಹವಾಮಾನ ಕೇಳುವಳು, ಕೊನೆಗೆ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡುವಳು. ಅಲ್ಲಿಯ ಜನರಿಗೆ ಹವಾಮಾನ ಬಿಟ್ಟು ಬೇರೆ ಮಾತೇ ಇಲ್ಲ ಎಂದು ಮೊದಮೊದಲು ನಾನು ನಗುತ್ತಿದ್ದೆ. ಈಗ ನಾವೂ ಅದನ್ನೇ ಆಡುತ್ತಿದ್ದೆವು.

ಕೊನೆಯ ಬಿಸಿಲು

ಮನೆ ಬಿಡಲು ಇನ್ನೊಂದು ವಾರವಿದೆ ಎನ್ನುವಾಗ ಒಂದು ಬೆಳಿಗ್ಗೆ ಬಿಸಿಲು ಬಿತ್ತು. ಯಾವ ಚಿಟ್ಟೆ ಖೋಲಿಯದು, ಯಾವುದು ಹೊರಗಿನದು ಎಂದು ಶೈಲಾಳಿಗೆ ತಿಳಿಯಬಾರದು. ತಿಳಿದರೆ ಕಣ್ಣು ತನಗೆ ಬೇಕಾದ್ದನ್ನೇ ಕಾಣುತ್ತದಂತೆ. ಆದ್ದರಿಂದ ಯಾವುದು ಯಾವುದೆಂದು ಚೀಟಿಯಲ್ಲಿ ಗುರುತು ಹಾಕಿಕೊಂಡು, ಕಲಸಿ ಕೊಡುವ ಕೆಲಸ ನನ್ನದು. ಅದನ್ನು ಮುಖದಲ್ಲಿ ತೋರಿಸಬಾರದೆಂದು ನಾನು ಪೂರ್ತಿ ಹೊತ್ತು ಡೋರತಿಯ ಕುಂಡವನ್ನೇ ನೋಡುತ್ತ ನಿಂತೆ.

ಮಧ್ಯಾಹ್ನದೊಳಗೆ ಮೋಡ ಮರಳಿತು. ಆದರೆ ಅಷ್ಟರಲ್ಲಿ ಇದ್ದವೆಲ್ಲ ಹಾರಿದ್ದವು. ಒಂದು ಮಾತ್ರ ಹಟ ಹಿಡಿದು ರೆಕ್ಕೆ ಮಡಚಿ ತೂಗುತ್ತಿತ್ತು. ಬಂದ ಉತ್ತರವನ್ನೂ ನನ್ನ ಗುರುತನ್ನೂ ತಾಳೆ ಹಾಕಿ ನೋಡಿದರೆ, ಹೊರಗಿನವು ನೈಋತ್ಯಕ್ಕೆ, ಖೋಲಿಯವು ಆಗ್ನೇಯಕ್ಕೆ. ಶೈಲಾ ನನ್ನ ಕೈ ಹಿಡಿದುಕೊಂಡಳು. ಅವಳ ಬೆರಳಲ್ಲೂ ಕಿತ್ತಳೆ ಪುಡಿ.

ಅಂದೇ ಬಂದ ಸಾಹೇಬರು, ನಾನು ಹೇಳಿರಲಿಲ್ಲವೇ ಎಂದರು. ಮೊದಲಿನವನ್ನೂ ಈಗಿನವನ್ನೂ ಒಟ್ಟು ಮಾಡು, ಸಾಕಷ್ಟಾಗುತ್ತದೆ. ಈಗಿನವು ಮಾತ್ರ ಎಂದರೆ ತೀರ ಕಡಿಮೆ, ಯಾರೂ ಅಚ್ಚು ಹಾಕುವುದಿಲ್ಲ, ಅಚ್ಚಾಗದಿದ್ದರೆ ನಿನ್ನ ಕೆಲಸವೂ ಇಲ್ಲ. ಶೈಲಾ ಮೊದಲಿನವನ್ನು ಎಸೆಯುವುದೇ ಸರಿ ಎಂದಳು. ಪಿಂಪದ ಆಚೆಗೊಬ್ಬರು ಈಚೆಗೊಬ್ಬರು ನಿಂತು ಇಂಗ್ಲಿಷಿನಲ್ಲಿ ಜಗ್ಗಾಡಿದರು. ಅಲ್ಲಿಯವರು ಜಗಳವನ್ನೂ ಪ್ಲೀಸ್ ಹಾಕಿಯೇ ಆಡುತ್ತಾರೆ.

"ಏನಂತ ಬಾಬೂರಾವಂದು?" ಎಂದು ಅತ್ತೆಯವರು ಹಿತ್ತಲ ಮೆಟ್ಟಿಲಿನಿಂದ ಕೇಳಿದರು. ಹೇಳಿದೆ. ಸೆರಗು ಸರಿಪಡಿಸಿಕೊಂಡು ಇಳಿದು ಬಂದರು.

"ಸುನಂದಾ, ನಾ ಹೇಳಿದ್ದ ಹೇಳಿದಂಗ ಅವಗ ಹೇಳು. ದೀಪ ಹಚ್ಚಿದಾಕಿ ನಾನು. ಕಳ್ಳತನ ಮಾಡಿಲ್ಲ, ಮುಚ್ಚೂದ ಯಾಕ? ಮೊದಲಿನವು ಇಷ್ಟಿದ್ವು, ಅವಕ್ಕ ಒಂದ ಸಂಜಿ ದೀಪ ಬಿದ್ದದ, ಹಿಂಗ ಹಾರಿದ್ವು ಅಂತ ಬರೀಲಿ. ಆಮ್ಯಾಲಿನವು ಇಷ್ಟು, ಅವಕ್ಕ ಬಿದ್ದಿಲ್ಲ, ಹಿಂಗ ಹಾರಿದ್ವು ಅಂತ ಬರೀಲಿ. ಓದಾವ್ರಿಗೆ ಕಣ್ಣಿರತಾವ, ನೋಡಿ ತಿಳಕೋತಾರ."

"ಅವ್ವಾ, ನಿನಗ ತಿಳಿಯೂದಿಲ್ಲ. ಕೆಟ್ಟದ್ದನ್ನ ತಗೀಬೇಕಾಗತದ" ಅಂದಳು ಶೈಲಾ.

"ನೀನೂ ಅವನ ಜೋಡಿನಽ. ಅವ ನನ್ನ ದೀಪ ಮುಚ್ಚತೀನಿ ಅಂತಾನ, ನೀ ಆ ಜೀವಗಳನ್ನ ಮುಚ್ಚತೀನಿ ಅಂತಿ. ಬೆನ್ನಿಗೆ ಸರಿಗಿ ಹಚ್ಚಿಸಿಕೊಂಡ ಹಾರ್ಯಾವ ಅವು. ಹಾರಿದ್ದು ಹಾರಿದ್ದಽ. ಇದರ ಮ್ಯಾಲ ನಿನ್ನ ಹೊಟ್ಟಿ ಅದ ಅಂತೀದಿ, ಎಸದ ಕೂಡತೀಯೇನು?"

ನಾನು ಕಾನ್ವೆಂಟಿನ ಇಂಗ್ಲಿಷನ್ನು ಪೂರ್ತಿ ಇಸ್ತ್ರಿ ಮಾಡಿ ಹೇಳಿದೆ: ತಾನು ದೀಪ ಹಚ್ಚಿದ್ದು ದಾಖಲಾಗಬೇಕೆಂದು, ಎರಡೂ ಗುಂಪು ಬೇರೆಬೇರೆಯಾಗಿ ದಾಖಲಾಗಬೇಕೆಂದು ನಮ್ಮ ಅತ್ತೆಯವರ ಅಪೇಕ್ಷೆ. ಈ ಸಲ ಯಾರೂ ಪಾರ್ಡನ್ ಅನ್ನಲಿಲ್ಲ.

ಸಾಹೇಬರು ಮೊಣಕಾಲು ಕೆರೆದುಕೊಂಡರು. ಹಾಗೆ ಬರೆದರೂ ಬರೆಯಬಹುದು ಎಂದರು, ತಮಗೇ ಹೊಳೆದಂತೆ. ಶೈಲಾ ತಾಯಿಯನ್ನು ನೋಡಿದಳು, ಪಿಂಪವನ್ನು ನೋಡಿದಳು.

"ಬ್ಯಾರೆ ಬ್ಯಾರೆನಽ ಬರಿಯೂದು" ಅಂದಳು. "ಕೂಡಸಂಗಿಲ್ಲ."

"ನಾನೂ ಅದನ್ನಽ ಅಂದದ್ದು."

ಖೋಲಿಯ ಚಿಟ್ಟೆಗಳನ್ನು ಶೈಲಾ ಕೂಡಲೇ ಬಿಡಲಿಲ್ಲ. ಸುಳ್ಳು ಹೊತ್ತಿನಲ್ಲೇ ಬಿಟ್ಟರೆ ದಾರಿ ತಪ್ಪಿ ಸಾಯುತ್ತವೆ ಎಂದು, ಕೆಲ ದಿನ ಕಿಟಕಿಯ ನಿಜವಾದ ಬೆಳಕಿನಲ್ಲಿಟ್ಟು, ಸಕ್ಕರೆ ನೀರು ಕುಡಿಸಿ ಆಮೇಲೆ ಬಿಟ್ಟಳು. ರೆಕ್ಕೆ ಹರಿದದ್ದೂ ಹೋಯಿತು. ಸಾಹೇಬರಿಗೆ ಇದು ಹೊತ್ತು ಹಾಳು. ಅವರು ಅಷ್ಟರಲ್ಲಿ ಪಿಂಪವನ್ನು ಗಾಡಿಗೆ ಹೇರಿಸುತ್ತಿದ್ದರು.

ಮರಳಿ ಪುಣೆ

ನಾವು ಬಂದು ಬಹಳ ತಿಂಗಳಾದ ಮೇಲೆ ಶೈಲಾಳಿಂದ ಒಂದು ಲಕೋಟೆ ಬಂತು. ಅಚ್ಚಾದ ಲೇಖನದ ಪ್ರತಿ. ಮೊದಲ ಹೆಸರು ಸಾಹೇಬರದು, ಎರಡನೆಯದು ಅವಳದು. ಪಿಂಪಕ್ಕೆ ಮೂತಿಯೂ ಹಾಕದೆ ಬಿಸ್ಕಿಟ್ ತಿಂದವರ ಹೆಸರು ಮೊದಲು ಬರುವುದು ಆ ದೇಶದ ಪದ್ಧತಿ ಎಂದು ನಮ್ಮವರು ಸಮಜಾಯಿಷಿ ಕೊಟ್ಟರು. ಚಾಕಣದಲ್ಲೂ ಹಾಗೆಯೇ ಅಂತೆ. ಜೊತೆಗಿದ್ದ ಚೀಟಿಯಲ್ಲಿ, ತನ್ನನ್ನು ಇನ್ನೂ ಎರಡು ವರ್ಷ ಇಟ್ಟುಕೊಂಡಿದ್ದಾರೆ ಎಂದು ಬರೆದಿದ್ದಳು.

"ಎರಡ ವರ್ಷ" ಅಂದರು ಅತ್ತೆಯವರು. ಆಮೇಲೆ, "ನನ್ನ ದೀಪ ಎಲ್ಲದ? ಓದು" ಅಂದರು.

ಹುಡುಕಿದೆ. ಮೂರನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿತ್ತು. ಕನ್ನಡ ಮಾಡಿ ಓದಿದೆ: ಮೊದಲ ಗುಂಪಿನ ಚಿಟ್ಟೆಗಳಿಗೆ ಒಂದು ಸಂಜೆ, ಮನೆಯಲ್ಲಿದ್ದ ಒಬ್ಬರಿಂದ ಅಕಸ್ಮಾತ್ತಾಗಿ, ಖೋಲಿಯ ದೀಪದ ಬೆಳಕು ಬಿದ್ದಿತ್ತು.

ಅತ್ತೆಯವರು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಕೈ ನಿಲ್ಲಿಸಿದರು.

"ಅಕಸ್ಮಾತ್ ಅಂತ ಯಾರ ಬರದ್ರು? ಅಕಸ್ಮಾತ್ ಏನಲ್ಲ. ಹೊತ್ತಿಗೆ ಸರಿಯಾಗಿ ಹಚ್ಚೀನಿ. ಬಾಬೂರಾವಗ ಒಂದ ಪತ್ರ ಬರಿ, ತಿದ್ದಲಿಕ್ಕೆ ಹೇಳು."